ಓಡೋ ಕಾರಿಗೆ ಹುರಿಹಿಟ್ಟಿನ ಉಂಡೆ

ನನ್ನ ಮಗಳ ಮಗಳು ಪಲ್ಲವಿ ಹೋದ ವಾರ ಕಾರ್ ರೇಸಿನೋರ ಅಡುಗೆ ಕೆಲಸಕ್ಕೆ ಸೇರಿದ್ಲು. ರೇಸ್ ಓಡಿಸೋರು ಬೆಳಗಿಂದ ಸಂಜೆವರ್ಗೂ ಏನು ತಿನ್ಬೇಕು, ಎಷ್ಟು ಕುಡೀಬೇಕು ಅಂತ ನೋಡ್ಕೊಳ್ಳೋದೇ ಅವಳ ಕೆಲಸವಂತೆ. "ಇದು ಹೊಸಾ ಲೈನು ಅಜ್ಜಿ, ನಿಂಗೆ ಅರ್ಥ ಆಗಲ್ಲ ಬುಡು" ಅಂದ್ಲು. ನಾನು ಸುಮ್ನೆ ಕಾಫಿ ಕುಡಿದೆ. ಈಗ ಅವಳೇ ಕೊಡಿಸಿದ ಫೋನಲ್ಲಿ, ಅವಳೇ ಕಲಿಸಿದಂಗೆ, ಒಂದೇ ಬೆರಳಲ್ಲಿ ಕುಟ್ತಾ ಕೂತಿದೀನಿ. ಇದು ನಿಂಗೆ ಕಣೇ ಪಲ್ಲವಿ, ನಿನ್ ಜೊತೆ ಸೇರಿರೋ ಹುಡುಗೀರಿಗೂ ಓದಿ ಹೇಳು. ಒತ್ತಕ್ಷರ ಎಲ್ಲೆಲ್ಲಿ ಬಿಟ್ಟೋಗಿದ್ಯೋ ಅಲ್ಲಲ್ಲಿ ನೀವೇ ಹಾಕ್ಕೊಳ್ಳಿ.

ನಾನು ತಿಪಟೂರಲ್ಲಿ ಮಲ್ಲಪ್ಪನೋರ ಮೋಟಾರ್ ಷೆಡ್ಡಲ್ಲಿ ಅಡುಗೆ ಮಾಡ್ತಿದ್ದೆ. ನಿಮ್ಮ ತಾತ ಅಲ್ಲೇ ಮೆಕ್ಯಾನಿಕ್ಕು. ಮುಂದೆ ಲಾರಿ, ಜೀಪು, ಕಾರು ಬಿಚ್ಚಿ ಹಾಕಿರೋರು, ಹಿಂದೆ ತಗಡಿನ ಮರೇಲಿ ನನ್ನ ಒಲೆ. ಸಾರಿಗೆ ಒಗ್ಗರಣೆ ಹಾಕಿದ್ರೂ ಡೀಸೆಲ್ ವಾಸನೆ ಹೋಗ್ತಿರ್ಲಿಲ್ಲ. ಕೆಲಸದೋರಿಗೆ ಮಧ್ಯಾಹ್ನ ಮುದ್ದೆ, ಸಾರು, ಅನ್ನ, ಮಜ್ಜಿಗೆ.

ಮಲ್ಲಪ್ಪನೋರು ಒಳ್ಳೇರೇ, ಆದ್ರೆ ಬಾಯಿ ಬಿಟ್ಟು ಒಂದು ದಿನ ಚೆನ್ನಾಗಿದೆ ಅಂದೋರಲ್ಲ. ಊಟ ಮಾಡೋರು, ಕೈ ತೊಳ್ಕೊಳೋರು, ಟವಲಲ್ಲಿ ಮೀಸೆ ಒರೆಸ್ಕೊಂಡು "ಹೂಂ" ಅನ್ನೋರು. ಆ "ಹೂಂ"ಗೆ ಏನರ್ಥ ಅಂತ ನಿಮ್ಮ ತಾತನ್ನ ಕೇಳಿದ್ರೆ, "ಬೈದಿಲ್ಲ ತಾನೇ, ತಲೆ ಮೇಲೆ ಹೊತ್ಕೊಂಡ್ ಮೆರಿ" ಅನ್ನೋರು. ಇನ್ನೊಂದು ಸೌಟು ಹಾಕು ಅಂತ ಅವ್ರು ಕೇಳಿದ್ದನ್ನ ನಾನು ಕಂಡೇ ಇರ್ಲಿಲ್ಲ.

ಎಪ್ಪತ್ತರ ಕೊನೇಲಿ ನಮ್ಮ ಕಡೆ ಮಣ್ಣು ರಸ್ತೇಲಿ ಕಾರ್ ರೇಸು ಶುರುವಾಯ್ತು. ಈಗಿನಂಗೆ ಸುತ್ತು ಹೊಡೆಯೋ ರೋಡಲ್ಲ. ಬೆಳಿಗ್ಗೆ ತಿಪಟೂರು ಬಿಟ್ಟು ಹುಳಿಯಾರು, ಕೆಂಕೆರೆ, ಚಿಕ್ಕನಾಯಕನಹಳ್ಳಿ ಸುತ್ಕೊಂಡು ಷೆಡ್ಡಿಗೆ ಬರೋದು. ಗಾಡಿ ನೋಡಿಸ್ಕೊಂಡು, ಅದೇ ದಾರೀಲಿ ಮಧ್ಯಾಹ್ನ ಇನ್ನೊಂದು ಸುತ್ತು. ಕಾರಲ್ಲಿ ಇಬ್ರು. ಒಬ್ಬ ಓಡಿಸೋನು, ಪಕ್ಕದಲ್ಲಿ ಕೂತು ದಾರಿ ಹೇಳೋನು ಇನ್ನೊಬ್ಬ. ಮಲ್ಲಪ್ಪನೋರು ಬಂದು, "ಗಿರಿಜಮ್ಮ, ಹೊರಗಿನೋರು ಬತ್ತಾರೆ. ಹೊಟ್ಟೆ ತುಂಬ ಹಾಕು. ತಿಪಟೂರಿನ ಮರ್ಯಾದೆ" ಅಂದ್ರು.

ಹೊಟ್ಟೆ ತುಂಬ ಅಂದ್ರೆ ನಮ್ಮ ಕಡೆ ಹೆಂಗೆ ಅಂತ ನಿಮಗೆ ಗೊತ್ತು. ಎಲೆಗೆ ಕೈ ಅಡ್ಡ ಇಟ್ರೂ ಬೆರಳ ಸಂದೀಲೇ ಬಡಿಸ್ತೀವಿ. ಮೊದಲನೇ ಸುತ್ತು ಮುಗಿಸಿ ಬಂದ ಡ್ರೈವರುಗಳಿಗೆ ನಾನು ಕಾಯಿ ಹೋಳಿಗೆ ಮಾಡಿದ್ದೆ. ಮೇಲೆ ತುಪ್ಪ. ಆಮೇಲೆ ಚಿತ್ರಾನ್ನ, ಅನ್ನ, ಸಾರು, ಮೊಸರು. "ಸಾಕಮ್ಮ" ಅಂದೋರಿಗೆ "ನಮ್ಮನೆ ಅಡುಗೆ ಸೇರಲಿಲ್ವೇನಪ್ಪ?" ಅಂತ ಮುಖ ಸಣ್ಣಗೆ ಮಾಡ್ಕೊಂಡೆ. ಪಾಪ, ತಿಂದ್ರು.

ಎರಡನೇ ಸುತ್ತಲ್ಲಿ ಒಬ್ಬ ಮೂರು ಸಲ ಇಳಿದು ವಾಂತಿ ಮಾಡ್ದ. ಇನ್ನೊಬ್ರು ಬೆಂಗಳೂರಿನೋರು, ದೊಡ್ಡ ಮನುಷ್ಯರು, ದಾರಿ ಪಕ್ಕ ಹುಣಸೆ ಮರದ ನೆರಳು ಕಂಡು "ಅರ್ಧ ನಿಮಿಷ" ಅಂತ ಕಾರ್ ನಿಲ್ಸಿದ್ರಂತೆ. ಪಕ್ಕದೋನೂ ಹೋಳಿಗೆ ತಿಂದಿದ್ನಲ್ಲ, ಅವನೂ ಮಲಗ್ದ. ಕಾರ್ ಬರ್ಲಿಲ್ಲ ಅಂತ ರೇಸಿನೋರು ಗಾಬರಿ ಬಿದ್ದು ಹುಡುಕ್ಕೊಂಡು ಹೋದ್ರೆ, ಇಬ್ರೂ ಬಾಯಿ ತೆಕ್ಕೊಂಡು ಗೊರಕೆ ಹೊಡೀತಾ ಅವ್ರೆ, ಕಿಟಕೀಲಿ ಒಂದು ಮೇಕೆ ತಲೆ ಹಾಕ್ಕೊಂಡು ಅವರ ನಕ್ಷೆ ತಿಂತಾ ಇದೆ.

ಮಲ್ಲಪ್ಪನೋರು ಆವತ್ತು "ಹೂಂ" ಅಂತಲೂ ಅನ್ಲಿಲ್ಲ.

ಮುಂದಿನ ವರ್ಷ ಭಯಕ್ಕೆ ಬರೀ ಕಾಫಿ, ಬಿಸ್ಕತ್ತು ಕೊಟ್ಟೆ. ಆ ವರ್ಷ ನಮ್ಮ ಷೆಡ್ಡಿಂದಲೂ ಒಂದು ಕಾರು ಬಿಟ್ಟಿದ್ರು. ಹಳೇದು, ನಿಮ್ಮ ತಾತ ಕೂತು ಇಂಜಿನ್ ಕಟ್ಟಿದ್ದು. ಓಡ್ಸೋನು ಜಗದೀಶ. ನಮ್ಮ ಷೆಡ್ಡಲ್ಲೇ ಲಾರಿ ಓಡಿಸ್ತಿದ್ದೋನು, ಮೂವತ್ತು ದಾಟಿತ್ತು, ಮಾತು ಕಮ್ಮಿ. ನನ್ನ ಅಕ್ಕ ಅನ್ನೋನು. ಸ್ಟೇರಿಂಗ್ ಹಿಡಿದ್ರೆ ಮಾತ್ರ ಮುಖದಲ್ಲಿ ದೀಪ ಹಚ್ದಂಗೆ ಇರೋದು. ದಾರಿ ಹೇಳೋನು ಬಸವರಾಜು, ಬಿಡಿಭಾಗದ ಅಂಗಡಿಯೋನು. ದುಂಡಗೆ, ಸದಾ ಮಾತು.

ಮೊದಲನೇ ಸುತ್ತಲ್ಲಿ ಜಗದೀಶ ಎಲ್ಲರಿಗಿಂತ ಮುಂದೆ ಬಂದ. ಎರಡನೇ ಸುತ್ತಲ್ಲಿ, ಕೆಂಕೆರೆ ಹತ್ರ, ಕಣ್ಣು ಕತ್ತಲೆ ಬಂದು ಕಾರು ತಗೊಂಡೋಗಿ ಒಂದು ಹೊಲದ ಬದುವಿಗೆ ಗುದ್ದಿದ. ಪುಣ್ಯಕ್ಕೆ ಪೆಟ್ಟಾಗ್ಲಿಲ್ಲ. ಅದರ ಮುಂದಿನ ವರ್ಷವೂ ಅಷ್ಟೇ. ಅದೇ ಸುತ್ತು, ಅದೇ ಕಡೆ, ಕೈ ನಡುಗಿ, ತಲೆ ತಿರುಗಿ ನಿಂತೋದ. ಕಾರನ್ನ ಟ್ರ್ಯಾಕ್ಟರಿಗೆ ಕಟ್ಟಿ ಎಳ್ಕೊಂಡ್ ಬಂದ್ರು. ಹಿಂದೆ ಜಗದೀಶ ನಡ್ಕೊಂಡು.

ಮಲ್ಲಪ್ಪನೋರು ಎಲ್ಲರ ಮುಂದೇನೇ ಹೇಳ್ಬಿಟ್ರು. "ಬರೋ ವರ್ಷ ಒಂದೇ ಸಲ ಕಣಪ್ಪ. ಸಂಜೆಗೆ ಕಾರು ತನ್ನ ಚಕ್ರದ ಮೇಲೆ ತಾನು ಷೆಡ್ಡಿಗೆ ಬರ್ಬೇಕು. ಗೆಲ್ಲೋದು ಬೇಡ, ಬಂದ್ರೆ ಸಾಕು. ಬರ್ಲಿಲ್ಲ ಅಂದ್ರೆ ತುರುವೇಕೆರೆಯೋರು ಕೇಳ್ತಾ ಅವ್ರೆ, ಮಾರ್ಬುಡ್ತೀನಿ. ನೀನು ಲಾರಿ ಹತ್ತು."

ಜಗದೀಶ ಹಿಂದೆ ಬಂದು ನನ್ನ ಒಲೆ ಪಕ್ಕ ಕೂತ.

"ಅಕ್ಕ, ಗೆಲ್ಲೋ ಆಸೆ ನಂಗೂ ಇಲ್ಲ. ಒಂದೇ ಒಂದು ಸಲ ಪೂರ್ತಿ ಸುತ್ತಿ ಬರ್ಬೇಕು. ಈ ಕಾರು ನನ್ನ ಕೈಲಿ ಒಂದು ಸಲನಾದ್ರೂ ಮನೆ ಮುಟ್ಬೇಕು."

"ಬೆಳಿಗ್ಗೆ ಏನ್ ತಿಂದಿದ್ದೆ?"

"ಏನೂ ಇಲ್ಲ."

"ನಾನು ಕೊಟ್ಟ ಬಿಸ್ಕತ್ತು?"

"ಬಸವರಾಜು ತಿಂದ."

"ನೀರು?"

ತಲೆ ತಗ್ಗಿಸ್ದ. "ನೀರು ಕುಡಿದ್ರೆ ಮಧ್ಯೆ ಇಳೀಬೇಕಾಗುತ್ತಲ್ಲಕ್ಕ. ಟೈಮ್ ಹೋಗುತ್ತೆ. ಅದಕ್ಕೆ ಹಿಂದಿನ ದಿನದಿಂದ್ಲೇ ಕಮ್ಮಿ ಮಾಡ್ತೀನಿ."

ನೋಡು ಪಲ್ಲವಿ, ಕಾರಿಗೆ ಪೆಟ್ರೋಲು, ಎಣ್ಣೆ, ನೀರು ಎಲ್ಲಾ ನೋಡಿ ನೋಡಿ ಹಾಕೋರು. ಓಡಿಸೋನು ಮಾತ್ರ ಖಾಲಿ ಟ್ಯಾಂಕು.

ಅವನನ್ನ ಕರ್ಕೊಂಡು ಡಾಕ್ಟ್ರ ಹತ್ರ ಹೋದೆ. ನಮ್ಮ ಬೀದಿ ಡಾಕ್ಟ್ರು ತಾಳ್ಮೆಯಿಂದ ಕೂರ್ಸಿ ಹೇಳಿದ್ರು. ಕಾರೊಳಗೆ ಕಾವಿಗೆ ಮೈ ನೀರೆಲ್ಲ ಬೆವರಾಗಿ ಹೋಗುತ್ತೆ, ಜೊತೆಗೆ ಉಪ್ಪೂ ಹೋಗುತ್ತೆ. ಒಂದೇ ಸಲ ತುಂಬಿಸ್ಬೇಡಿ, ಖಾಲಿನೂ ಬಿಡ್ಬೇಡಿ. ಸ್ವಲ್ಪ ಸ್ವಲ್ಪ, ಆಗಾಗ. ಬಾಯಾರೋಕೆ ಮುಂಚೆ ಕುಡೀಬೇಕು. ಇಷ್ಟೇ. ನಿಮ್ಮ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಇದೇ, ನಂಗೆ ಹೇಳ್ಕೊಟ್ಟೋರು ಅವ್ರು.

ಸ್ವಲ್ಪ ಸ್ವಲ್ಪ ಸರಿ, ಓಡೋ ಕಾರಲ್ಲಿ ಹೆಂಗೆ? ಎರಡೂ ಕೈ ಸ್ಟೇರಿಂಗ್ ಮೇಲೆ, ಕಣ್ಣು ರಸ್ತೆ ಮೇಲೆ. ಇಡ್ಲಿ ಪುಡಿಪುಡಿ ಆಗುತ್ತೆ. ಬಾಳೆಹಣ್ಣು ಕಾವಿಗೆ ಕರಗಿ ಹೋಗುತ್ತೆ. ಆಗ ನೆನಪಾಗಿದ್ದು ಹುರಿಹಿಟ್ಟು. ರಾಗಿ ನೆನೆಸಿ, ಅರಳೋ ಹಂಗೆ ಹುರಿದು ಬೀಸಿದ ಹಿಟ್ಟು. ನಮ್ಮತ್ತೆ ಕೆಂಕೆರೆ ತೋಟದ ಮನೇಲಿ ಹುರಿದು ಡಬ್ಬಿ ತುಂಬಿಸಿ ಕಳಿಸೋರು. ಅವರ ಹದ ಬೇರೆ ಯಾರಿಗೂ ಬರ್ತಿರ್ಲಿಲ್ಲ, ಡಬ್ಬಿ ತೆಗೆದ್ರೆ ಇಡೀ ಷೆಡ್ಡು ತಿರುಗಿ ನೋಡೋದು. ಅದಕ್ಕೆ ಬೆಲ್ಲದ ಪುಡಿ, ಕೊಬ್ಬರಿ ತುರಿ, ಚೂರು ಉಪ್ಪು, ಒಂದಿಷ್ಟು ತುಪ್ಪ. ಉಂಡೆ ಕಟ್ಟಿದೆ.

ಗಾತ್ರ ಎಷ್ಟಿರ್ಬೇಕು? ಪರೀಕ್ಷೆ ಮಾಡಿದ್ವಿ. ಜಗದೀಶನ್ನ ಕಾರಲ್ಲಿ ಕೂರ್ಸಿ, ನಿಮ್ಮ ತಾತ ಹಿಂದಿಂದ ಕಾರನ್ನ ಎತ್ತೆತ್ತಿ ಕುಕ್ಕೋರು. ಬಸವರಾಜು ಉಂಡೆ ಬಾಯಿಗೆ ಹಾಕ್ಬೇಕು. ಮೊದಲನೇದು ಮೂಗಿಗೆ ಹೋಯ್ತು.

"ಏನ್ರೀ ಗಿರಿಜಕ್ಕ, ಗಂಡಸಿಗೆ ಗಂಡಸು ತುತ್ತು ಹಾಕೋದಾ?" ಅಂತ ಬಸವರಾಜು ಕೆಂಪಾದ. "ಮದುವೇಲಿ ನನ್ನ ಹೆಂಡ್ತಿಗೇ ಹಾಕೋಕೆ ನಾಚ್ಕೊಂಡಿದ್ದೆ."

"ಇವನಿಗೆ ಹಾಕಿ ಕಲಿತ್ಕೋ, ಆಮೇಲೆ ಮನೇಲಿ ಹಾಕು" ಅಂದೆ.

"ಲೇ, ಮೂಗು ಬುಟ್ಟು ಬಾಯಿಗೆ ಹಾಕ್ಲಾ!" ಅಂತ ಜಗದೀಶ ಕೂಗ್ದ. ಅವನು ಅಷ್ಟು ಜೋರಾಗಿ ಕೂಗಿದ್ದು ನಾನು ಅದೇ ಮೊದಲು ಕೇಳಿದ್ದು. ಕೊನೆಗೆ ಗೋಲಿಗಿಂತ ಒಂಚೂರು ದೊಡ್ಡದು, ಅದೇ ಸರಿ ಅಂತ ಆಯ್ತು. ಕೆನ್ನೆ ಸಂದೀಲಿ ಇಟ್ಕೊಂಡು ನಿಧಾನ ಕರಗಿಸ್ಬೋದು.

ಕುಡಿಯೋದಕ್ಕೆ ಆ ಡಾಕ್ಟ್ರ ಕಾಂಪೌಂಡರ್ ದಾರಿ ತೋರಿಸ್ದ. ರೋಗಿಗಳಿಗೆ ಗ್ಲೂಕೋಸ್ ಏರಿಸ್ತಾರಲ್ಲ, ಆ ಬಾಟ್ಲಿ, ಆ ಪೈಪು, ಹೊಸದು ಒಂದು ಕೊಟ್ಟ. ಸೀಟಿನ ಹಿಂದೆ ಮೇಲುಗಡೆ ಬಾಟ್ಲಿ ನೇತಾಕಿ, ಪೈಪನ್ನ ಜಗದೀಶನ ಭುಜದ ಮೇಲಿಂದ ಬಾಯಿ ಹತ್ರ ತಂದು ನಿಮ್ಮ ತಾತ ತಂತೀಲಿ ಕಟ್ಟಿದ್ರು. ಬಾಟ್ಲೀಲಿ ಬಟ್ಟೇಲಿ ಸೋಸಿದ ಉಪ್ಪು ಮಜ್ಜಿಗೆ. ಈಗ ನೀವು ಪೈಪ್ ಹಾಕಿ ಕುಡಿಸ್ತೀವಿ ಅಂತೀರಲ್ಲ, ಕೇಳಿ ನಗು ಬಂತು ಕಣೇ.

ಆದ್ರೆ ನನ್ನ ಮನಸ್ಸಲ್ಲಿ ಮಜ್ಜಿಗೆಗಿಂತ ಎಳನೀರು ಇತ್ತು. ಡಾಕ್ಟ್ರೂ ಎಳನೀರು ಒಳ್ಳೇದು ಅಂದಿದ್ರು. ಸುತ್ತ ಇಷ್ಟು ತೆಂಗು, ಅದಕ್ಕೇನು ಬರ ಅಂತ ಹೊರಗಿನೋರು ಅಂದ್ಕೋತಾರೆ. ನಮ್ಮ ಕಡೆ ಎಳನೀರು ಕೆಡವೋದು ಅಷ್ಟು ಸಲೀಸಲ್ಲ. ಕಾಯಿ ಮರದಲ್ಲೇ ಬಲೀಬೇಕು, ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು ನೀರು ಇಂಗಬೇಕು, ಅಲ್ಲಾಡಿಸಿದ್ರೆ ಒಳಗೆ ಕೊಬ್ಬರಿ ಗಡಗಡ ಅನ್ಬೇಕು. ಅದು ತೋಟದ ಬದುಕು. ಎಳೇದನ್ನ ಕೆಡವಿದ್ರೆ ಒಂದು ಕೊಬ್ಬರಿ ಹೋದಂಗೆ. ನಮ್ಮನೆ ತೋಟದಲ್ಲಂತೂ ಎಳನೀರು ಇಳಿಸಿದ್ರು ಅಂದ್ರೆ ಯಾರೋ ಹಾಸಿಗೆ ಹಿಡಿದವ್ರೆ ಅಂತ ಅರ್ಥ. ನಾನು ಮದುವೆಯಾಗಿ ಬಂದು ಅಷ್ಟು ವರ್ಷ ಆಗಿತ್ತು, ಅತ್ತೆ ಕೈಯಿಂದ ಒಂದು ಎಳನೀರು ಕುಡಿದೋಳಲ್ಲ. ಗಟ್ಟಿಮುಟ್ಟಾಗಿದ್ದೆ, ಅದು ನನ್ನ ದುರದೃಷ್ಟ.

ಆದ್ರೂ ಕೆಂಕೆರೆಗೆ ಹೋಗಿ ಕೇಳ್ದೆ. ಅತ್ತೆ ಅಂಗಳದಲ್ಲಿ ಕೂತು ಗರಿ ಸೀಳ್ತಿದ್ರು.

"ಯಾರಿಗೆ ಹುಷಾರಿಲ್ಲ?"

"ಯಾರಿಗೂ ಇಲ್ಲ ಅತ್ತೆ. ಕಾರ್ ಓಡಿಸೋ ಜಗದೀಶಂಗೆ."

"ಏನಾಗಿದೆ ಅವನಿಗೆ?"

"ಏನೂ ಆಗಿಲ್ಲ. ಆಗ್ದೆ ಇರ್ಲಿ ಅಂತ."

ಅತ್ತೆ ಕತ್ತಿ ಕೆಳಗಿಟ್ರು. "ಏನೂ ಆಗ್ದೇ ಇರೋನಿಗೆ ಎಳನೀರಾ? ಆಚೆ ವರ್ಷ ನಮ್ಮ ಪಕ್ಕದ ಬದುವಿಗೆ ಗುದ್ದಿದ್ನಲ್ಲ, ಅವನೇ ತಾನೇ? ಅವನು ಬಂದ್ರೆ ದನ ಒಳಗೆ ಕಟ್ಕೋಬೇಕು, ಅವನಿಗೆ ಕಾಯಿ ಬೇರೆ ಕೆಡವಬೇಕಾ? ಮಲ್ಲಪ್ಪನ ಕಾರಿಗೆ ನನ್ನ ತೋಟ ಎಣ್ಣೆ ಹಾಕಲ್ಲ, ಹೋಗೇ."

ಹುರಿಹಿಟ್ಟಿನ ಡಬ್ಬಿ ಮಾತ್ರ ಕೊಟ್ಟು ಕಳಿಸಿದ್ರು. ಅದು ಷೆಡ್ಡಿನ ಕಾರಿಗೆ ಅಂತ ನಾನೂ ಹೇಳ್ಲಿಲ್ಲ, ಅವರೂ ಕೇಳ್ಲಿಲ್ಲ.

ರೇಸಿನ ದಿನ ಬಂತು. ಬಿಸಿಲು ಬೆಳಿಗ್ಗೆನೇ ಚುರುಗುಟ್ತಿತ್ತು. ಜಗದೀಶಂಗೆ ಎರಡೇ ಇಡ್ಲಿ, ಒಂದು ಲೋಟ ನೀರು, ನನ್ನ ಕಣ್ಣ ಮುಂದೆ ತಿನ್ನಿಸ್ದೆ. ಉಂಡೆಗಳನ್ನ ಎಲೇಲಿ ಸುತ್ತಿ ಬಸವರಾಜನ ತೊಡೆ ಮೇಲೆ ಇಟ್ಟೆ. "ನೀನ್ ತಿಂದ್ರೆ ನೋಡು" ಅಂದೆ. "ದೇವರಾಣೆ ಇಲ್ಲ ಗಿರಿಜಕ್ಕ" ಅಂದ. ಆಗ್ಲೇ ಬಾಯಲ್ಲಿ ಒಂದಿತ್ತು.

ಮೊದಲನೇ ಸುತ್ತು ಮುಗಿಸಿ ಬಂದಾಗ ಜಗದೀಶನ ಮುಖ ನೋಡ್ದೆ. ಕಣ್ಣಲ್ಲಿ ಜೀವ ಇತ್ತು, ಕೈ ನೆಟ್ಟಗಿತ್ತು. ಬಾಟ್ಲಿ ಖಾಲಿ. ಮತ್ತೆ ಮಜ್ಜಿಗೆ ತುಂಬಿಸ್ದೆ, ಹೊರಟ್ರು.

ಅಷ್ಟರಲ್ಲಿ ಹುಳಿಯಾರು ಕಡೆಯಿಂದ ಬಸ್ಸು ಬಂತು. ಇಳಿದೋರಲ್ಲಿ ಒಬ್ಬಮ್ಮ ಸೀದಾ ಷೆಡ್ಡಿಗೇ ಬಂದ್ರು. "ಅಲ್ಲಾ, ನಿಮಗೆ ಕರುಳು ಅನ್ನೋದಿದ್ಯಾ? ಗ್ಲೂಕೋಸ್ ಏರಿಸ್ಕೊಂಡಿರೋ ಮನುಷ್ಯನ ಕೈಲಿ ಕಾರ್ ಓಡಿಸ್ತಿದೀರಲ್ರೀ! ಪಕ್ಕದೋನು ಪಾಪ ಬಾಯಿಗೆ ಔಷಧಿ ಗುಳಿಗೆ ಹಾಕ್ತಾ ಅವ್ನೆ! ಹುಳಿಯಾರು ಬಸ್ ಸ್ಟ್ಯಾಂಡಲ್ಲಿ ಜನ ಕಣ್ಣೀರ್ ಹಾಕ್ತಾವ್ರೆ!"

ಮಲ್ಲಪ್ಪನೋರು ನನ್ನ ಕಡೆ ನೋಡಿದ್ರು. ನಾನು ಸೆರಗು ಬಾಯಿಗೆ ಇಟ್ಕೊಂಡು ಒಲೆ ಕಡೆ ತಿರುಗ್ಕೊಂಡೆ. ನಗು ತಡೆಯೋಕಾಗ್ಲಿಲ್ಲ. ಆಯಮ್ಮ ನಾನು ಅಳ್ತಿದೀನಿ ಅಂದ್ಕೊಂಡು ನನ್ನೇ ಸಮಾಧಾನ ಮಾಡಿದ್ರು.

ಆದ್ರೆ ನಗು ಜಾಸ್ತಿ ಹೊತ್ತು ಇರ್ಲಿಲ್ಲ. ಮಿಕ್ಕಿದ್ದ ಮಜ್ಜಿಗೆ ಪಾತ್ರೆ ಮುಚ್ಚಳ ತೆಗೆದೆ. ಆ ಸೆಕೆಗೆ ಮಜ್ಜಿಗೆ ಹುಳಿಯಾಗಿ, ಸಣ್ಣ ಸಣ್ಣ ಗಟ್ಟಿ ಕಟ್ಟಿ ತೇಲ್ತಿತ್ತು. ಬಾಟ್ಲೀಲೂ ಇದೇ ಮಜ್ಜಿಗೆ. ಆ ಸಣ್ಣ ಪೈಪಲ್ಲಿ ಈ ಗಟ್ಟಿ ಇಳಿಯುತ್ತಾ? ಎರಡನೇ ಸಲ ತುಂಬೋವಾಗ ಅವಸರಕ್ಕೆ ಸೋಸಿರ್ಲಿಲ್ಲ ನಾನು.

ಕಾರು ಆಗ್ಲೇ ಹುಳಿಯಾರು ದಾಟಿರುತ್ತೆ. ಫೋನಾ, ಗೀನಾ? ನಿಮ್ಮ ತಾತನಿಗೆ ಹೇಳ್ದೆ. ಅವರು ಪಕ್ಕದಲ್ಲಿ ಬಂದು ನಿಂತ್ರು, ಅಷ್ಟೇ. ಒಂದೊಂದೇ ಕಾರು ಬರೋಕೆ ಶುರುವಾಯ್ತು. ಧೂಳು ಎದ್ದಾಗೆಲ್ಲ ಕತ್ತು ಉದ್ದ ಮಾಡೋದು, ನಮ್ಮದಲ್ಲ ಅಂತ ಸುಮ್ಮನಾಗೋದು. ಬಿಸಿಲು ಇಳೀತು. ಮಲ್ಲಪ್ಪನೋರು ಕುರ್ಚಿ ಬಿಟ್ಟು ರಸ್ತೆಗೇ ಬಂದು ನಿಂತಿದ್ರು. ಟ್ರ್ಯಾಕ್ಟರ್ ಸದ್ದು ಕೇಳಿದಾಗ ನಾನು ಕಣ್ಣೇ ಮುಚ್ಕೊಂಡೆ. ಯಾರೋ ಗೊಬ್ಬರ ಹೊಡೀತಿದ್ರು.

ಇನ್ನೇನು ದೀಪ ಹಚ್ಚೋ ಹೊತ್ತು, ನಿಮ್ಮ ತಾತ "ನಮ್ಮ ಇಂಜಿನ್ನು" ಅಂದ್ರು. ಕಾರು ಕಾಣೋಕೆ ಮುಂಚೆ ಸದ್ದಲ್ಲೇ ಹಿಡಿದ್ರು.

ಬಂತು ಕಣೇ. ಮೈಯೆಲ್ಲ ಕೆಂಪು ಧೂಳು, ಒಂದು ಲೈಟು ಒಡೆದಿತ್ತು, ಆದ್ರೆ ತನ್ನ ಚಕ್ರದ ಮೇಲೆ ತಾನು. ಕೊನೆಯಿಂದ ಎರಡನೇದು. ಜಗದೀಶ ಷೆಡ್ಡೊಳಗೆ ತಂದು ನಿಲ್ಲಿಸಿ, ಇಂಜಿನ್ ಆರಿಸಿ, ಸ್ಟೇರಿಂಗ್ ಮೇಲೆ ಹಣೆ ಇಟ್ಟ. ಹಂಗೇ ಇದ್ದ. ಆಮೇಲೆ ಇಳಿದು, ಹಿಂದಿನ ಸೀಟಿಂದ ಏನೋ ತೆಗೆದು ನನ್ನ ಕೈಗೆ ಕೊಟ್ಟ. ಕೆತ್ತಿದ ಎಳನೀರಿನ ಬುರುಡೆ.

"ನಿಮ್ಮತ್ತೆ ಕೊಟ್ರು ಅಕ್ಕ" ಅಂದ.

ನಡೆದಿದ್ದು ಬಸವರಾಜು ಹೇಳ್ದ. ಹುಳಿಯಾರು ದಾಟಿದ ಮೇಲೆ ಪೈಪ್ ಎಳೆದ್ರೆ ಏನೂ ಬರ್ತಿಲ್ಲ. ಕಾರಲ್ಲಿಟ್ಟಿದ್ದ ಕ್ಯಾನಿನ ನೀರು ಇಂಜಿನ್ ಕಾದಾಗ ರೇಡಿಯೇಟರಿಗೆ ಹಾಕಿ ಮುಗಿದಿತ್ತು. ಉಂಡೆ ಬಾಯಲ್ಲಿದೆ, ಒಣ ಹಿಟ್ಟು, ನುಂಗೋಕೆ ಜೊಲ್ಲಿಲ್ಲ. ಕೆಂಕೆರೆ ಹತ್ರ ಜಗದೀಶನ ಕೈ ನಡುಗೋಕೆ ಶುರು. ಹೋದ ಸಲದಂಗೇ. ಈ ಸಲ ಅವನೇ ಕಾರು ಪಕ್ಕಕ್ಕೆ ಹಾಕಿ ನಿಲ್ಸಿದ್ನಂತೆ. ನಿಲ್ಸಿದ್ದು ನಮ್ಮ ತೋಟದ ಮುಂದೆ. ರಸ್ತೆ ಪಕ್ಕ ಜನ ಗುಂಪು, ಎಲ್ಲಾ ರೋಗಿ ಡ್ರೈವರನ್ನ ನೋಡೋಕೆ ಬಂದೋರು. ಯಾರಿಗೂ ಹತ್ರ ಬರೋಕೆ ಧೈರ್ಯ ಇಲ್ಲ.

ಅತ್ತೆ ಬಂದ್ರಂತೆ. ಕಿಟಕೀಲಿ ತಲೆ ಹಾಕಿ ಒಂದು ಸಲ ನೋಡಿದ್ರಂತೆ. ತಿರುಗಿ ಹೋಗಿ, ದೋಟಿ ತಗೊಂಡು, ಬೇಲಿ ಹತ್ರದ ಗಿಡ್ಡ ಮರದಿಂದ ಎಳನೀರು ಕೆಡವಿ, ಮಚ್ಚಲ್ಲಿ ಕೆತ್ತಿ, ಜಗದೀಶನ ಬಾಯಿಗೆ ತಾವೇ ಹಿಡಿದ್ರಂತೆ.

"ನಿಧಾನ ಕುಡಿಯಪ್ಪ, ಯಾರೂ ಅಟ್ಟಿಸ್ಕೊಂಡ್ ಬರ್ತಿಲ್ಲ."

"ಹಿಂದೆ ನಾಕು ಕಾರು ಬತ್ತಾ ಅವೆ ಅಮ್ಮ" ಅಂದ್ನಂತೆ ಬಸವರಾಜು.

"ಬರ್ಲಿ ಬುಡು. ಅವಕ್ಕೇನು ರಸ್ತೆ ಇಲ್ವಾ?"

ಇನ್ನೊಂದು ಕೆಡವಿ ಅದನ್ನೂ ಕುಡಿಸಿದ್ರು. ಬಸವರಾಜು "ನಂಗಮ್ಮ?" ಅಂದಿದ್ದಕ್ಕೆ, "ನಿಂಗೇನಾಗಿದೆ, ಒಳ್ಳೆ ಗುಂಡುಕಲ್ಲು ಇದ್ದಂಗಿದೀಯ" ಅಂತ ಬೈದು, ಒಳಗಿನ ಗಂಜಿ ಮಾತ್ರ ಕೆರೆದು ಕೊಟ್ರಂತೆ.

ಮಲ್ಲಪ್ಪನೋರು ಎಲ್ಲಾ ಕೇಳಿಸ್ಕೊಂಡ್ರು. ಎಲೇಲಿ ಮಿಕ್ಕಿದ್ದ ಒಂದು ಉಂಡೆ ಎತ್ಕೊಂಡು ಬಾಯಿಗೆ ಹಾಕ್ಕೊಂಡ್ರು. ಅಗೀತಾ ಅಗೀತಾ ಕಾರಿನ ಸುತ್ತ ಒಂದು ಸುತ್ತು ಬಂದ್ರು. "ಜಗದೀಶ, ಆ ಲೈಟ್ ನಾಳೆ ಹಾಕಿಸು. ತುರುವೇಕೆರೆಯೋರಿಗೆ ನಾನು ಹೇಳ್ತೀನಿ" ಅಂದ್ರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದು ಇದ್ಯಾ ಗಿರಿಜಮ್ಮ?" ಅಂತ ಕೇಳಿದ್ರು. ನಿಮ್ಮ ತಾತನ ಕೈಯಿಂದ ಸ್ಪ್ಯಾನರ್ ಬಿತ್ತು.

ಆ ಭಾನುವಾರ ಕೆಂಕೆರೆಗೆ ಹೋದೆ. ಬಸ್ಸು ಸಿಗ್ದೆ ಹುಳಿಯಾರಿಂದ ನಡ್ಕೊಂಡೇ ಹೋದೆ, ನೆತ್ತಿ ಸುಡ್ತಿತ್ತು. ಅತ್ತೆ ಅದೇ ಅಂಗಳದಲ್ಲಿ ಅದೇ ಗರಿ ಸೀಳ್ತಿದ್ರು. ನಾನೇ ಮಾತು ತೆಗೆದೆ.

"ಅತ್ತೆ, ಜಗದೀಶಂಗೆ ಕಾಯಿಲೆ ಏನೂ ಇರ್ಲಿಲ್ಲ. ಜನ ಸುಮ್ನೆ ಹಬ್ಬಿಸಿದ್ದು."

"ಗೊತ್ತು. ಆ ಪೈಪಲ್ಲಿ ಮಜ್ಜಿಗೆ ವಾಸನೆ ಬತ್ತಿತ್ತು. ಮಜ್ಜಿಗೆ ಏರಿಸೋ ಡಾಕ್ಟ್ರು ಎಲ್ಲವ್ನೆ?"

"ಮತ್ತೆ ಎಳನೀರು ಕೆಡವಿದ್ಯಾಕೆ?"

ಅತ್ತೆ ತಲೆ ಎತ್ಲಿಲ್ಲ. "ಅವನ ಬಾಯಲ್ಲಿ ಹುರಿಹಿಟ್ಟಿತ್ತು. ನಾನು ಹುರಿದಿದ್ದು ನಂಗೆ ಗೊತ್ತಾಗಲ್ವಾ? ನೀನು ಉಂಡೆ ಕಟ್ಟಿದೀಯ, ಅವನು ನುಂಗೋಕಾಗ್ದೆ ಒದ್ದಾಡ್ತಾ ಅವ್ನೆ, ಊರಿಗೂರೇ ನಿಂತು ನೋಡ್ತಾ ಇದೆ. ಗಂಟಲಿಗೆ ಸಿಕ್ಕಾಕ್ಕೊಂಡು ಏನಾದ್ರೂ ಆಗಿದ್ರೆ? ನನ್ನ ಸೊಸೆ ಕೈ ತುತ್ತು ತಿಂದು ಹೋದ ಅಂತ ಮಾತಾಡ್ಕೊಳ್ಳಲ್ವಾ? ನನ್ನ ಸೊಸೆಗೆ ಆ ಮಾತು ಬರ್ಬೇಕಾ?"

ಅತ್ತೆ ಆಗ ನನ್ನ ಮುಖ ನೋಡಿದ್ರು. ಬೆವರು, ಧೂಳು, ಒಣಗಿದ ತುಟಿ. ಎದ್ರು. ದೋಟಿ ತಗೊಂಡು ಬೇಲಿ ಹತ್ರದ ಗಿಡ್ಡ ಮರದ ಕಡೆ ಹೋದ್ರು. ಧೊಪ್ ಅಂತ ಸದ್ದು ಕೇಳಿಸ್ತು. ಕೆತ್ಕೊಂಡು ತಂದು ನನ್ನ ಮುಂದೆ ಹಿಡಿದ್ರು.

"ಅಯ್ಯೋ ಅತ್ತೆ, ನಂಗೇನೂ ಆಗಿಲ್ಲ" ಅಂದೆ.

"ಕುಡಿ ಸುಮ್ನೆ" ಅಂದ್ರು.